ಅನುದಾನ ಕೋರುವ ಬರವಣಿಗೆ: ಒಂದು ಪರಿಶೀಲನೆ

ಪೀಠಿಕೆ

ಅತ್ತರೆ ತಾನೇ ತಾಯಿ ಹಾಲು ಕೊಡುವುದು ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲಿಯೂ ಇರುವುದಷ್ಟೆ. ತಾಯಿಗೆ ಅಳು ಸಾಕು. ಆಕೆ ಮಗುವನ್ನು ಬಲ್ಲಳು. ಆದರೆ ದೂರದ ನಗರದಲ್ಲಿ ಕುಳಿತು, ನಮ್ಮ ಊರನ್ನಾಗಲಿ ಮುಖವನ್ನಾಗಲಿ ಕಾಣದೆ, ನೂರಾರು ಕಾಗದಗಳ ನಡುವೆ ನಮ್ಮ ಕಾಗದವನ್ನೂ ಓದಬೇಕಾದ ದಾನಿಗೆ ಅಳು ಸಾಲದು. ನಮಗೆ ಬೇಕಾದುದೇನು, ಏಕೆ ಬೇಕು, ಎಷ್ಟು ಬೇಕು, ಅದನ್ನು ಯಾರು ನೋಡಿಕೊಳ್ಳುವರು ಎಂಬುದನ್ನು ಆತನಿಗೆ ಬರೆದು ತಿಳಿಸಬೇಕು. ಲಾಭದ ಉದ್ದೇಶವಿಲ್ಲದೆ ಕೆಲಸ ಮಾಡುವ ಸಂಘಗಳು ಹೀಗೆ ಬರೆಯುವ ಪತ್ರಕ್ಕೆ ಇಂದು ‘ಪ್ರಸ್ತಾವನೆ’ ಎಂಬ ಹೆಸರು ರೂಢಿಯಲ್ಲಿದೆ.

ಈ ವಿಷಯವು ವಾಣಿಜ್ಯ ವಿಭಾಗದವರಿಗೆ ಸೇರಿದ್ದು, ಕಲಾ ವಿಭಾಗದವರಿಗೆ ಇದರಿಂದೇನು ಎಂದು ಕೆಲವರು ಕೇಳಬಹುದು. ನನ್ನಂತೆ ಮನೆಯಲ್ಲಿ ಮೊದಲಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ನಮ್ಮಲ್ಲಿ ಬಹುಮಂದಿ. ಯುವಕ ಸಂಘಕ್ಕೆ, ಮಹಿಳಾ ಮಂಡಳಿಗೆ, ಊರಿನ ಶಾಲೆಗೆ ಏನಾದರೂ ಬೇಕಾದಾಗ ಹಿರಿಯರು ಕಾಗದ ಹಿಡಿದು ಬರುವುದು ನಮ್ಮ ಬಳಿಗೇ. “ನೀನು ಓದಿದವನು, ಬರೆದು ಕೊಡಪ್ಪಾ” ಎನ್ನುತ್ತಾರೆ. ಬರೆಯಬಲ್ಲವರಿರುವ ಊರಿಗೆ ನೆರವು ಬಂದು, ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿನ ಅವಶ್ಯಕತೆಯುಳ್ಳ ಊರು ಬರೆಯಬಲ್ಲವರಿಲ್ಲದೆ ಹಿಂದುಳಿಯುವುದು ನ್ಯಾಯವಲ್ಲ. ಆದುದರಿಂದ ಈ ವಿದ್ಯೆ ನಮಗೆ ಅವಶ್ಯ.

ನಮ್ಮ ನಾಡಿನ ದಾನಪತ್ರಗಳು

ದಾನದ ಬರವಣಿಗೆ ನಮಗೆ ಹೊಸದಲ್ಲ. ನಮ್ಮ ಹೊನ್ನಾಳಿ ತಾಲ್ಲೂಕೂ ನೆರೆಯ ಚನ್ನಗಿರಿ ತಾಲ್ಲೂಕೂ 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಇಲ್ಲಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಸಂಗ್ರಹಿಸಿ 1902ರಲ್ಲಿ ಪ್ರಕಟಿಸಿದರು. ಇತಿಹಾಸದ ವಿದ್ಯಾರ್ಥಿಗಳು ಬಲ್ಲಂತೆ ಕನ್ನಡ ಶಾಸನಗಳಲ್ಲಿ ಬಹುಪಾಲು ದಾನಶಾಸನಗಳು.

ದಾನಶಾಸನದ ರಚನೆಯನ್ನು ಗಮನಿಸಿ. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಹೇಳಿ ಕಾಲವನ್ನು ಗೊತ್ತುಮಾಡುತ್ತದೆ. ಆಳುವ ಅರಸನಾರು, ಕೊಟ್ಟವನಾರು, ಪಡೆದವರಾರು, ಯಾವ ಕಾರ್ಯಕ್ಕೆ ಎಂಬುದನ್ನು ತಿಳಿಸುತ್ತದೆ. ಭೂಮಿಯಾದರೆ ಎಷ್ಟು ಮತ್ತರು, ಎಷ್ಟು ಕಮ್ಮ, ಯಾವ ಅಳತೆಯ ಕೋಲಿನಿಂದ ಅಳೆದದ್ದು, ನಾಲ್ಕು ದಿಕ್ಕಿನ ಎಲ್ಲೆ ಯಾವುದು ಎಂಬುದು ಬರುತ್ತದೆ. ಕೊನೆಗೆ ಸಾಕ್ಷಿಗಳು, ಧರ್ಮವನ್ನು ಕೆಡಿಸಿದವನಿಗೆ ಶಾಪ, ಕೆಲವೊಮ್ಮೆ ಬರೆದವನ ಹಾಗೂ ಕಂಡರಿಸಿದವನ ಹೆಸರು. ಇವೆಲ್ಲವೂ ಒಂದೇ ಕಲ್ಲಿನ ಮೇಲೆ, ಊರವರೆಲ್ಲರ ಕಣ್ಣಮುಂದೆ ಇರುತ್ತಿದ್ದವು.

ಕೆರೆಗೆ ಸಂಬಂಧಿಸಿದ ಶಾಸನಗಳಲ್ಲಿ ಇನ್ನೊಂದು ವಿಶೇಷವುಂಟು. ಕೆರೆ ಕಟ್ಟಿಸಿದವನಿಗೆ ಮತ್ತು ಅದರ ಮುಂದಿನ ರಕ್ಷಣೆಗೆ ಬಿತ್ತುವಟ್ಟ, ಕೆರೆಗೊಡಗೆ ಮುಂತಾದ ಹೆಸರಿನಿಂದ ಭೂಮಿಯನ್ನು ಬಿಡುತ್ತಿದ್ದರು. ಕಟ್ಟುವುದು ಒಮ್ಮೆಯ ಕೆಲಸ. ಹೂಳು ತೆಗೆಯುವುದು, ಏರಿ ಸರಿಪಡಿಸುವುದು, ತೂಬು ನೋಡಿಕೊಳ್ಳುವುದು ವರ್ಷ ವರ್ಷದ ಕೆಲಸ. ಅದಕ್ಕೆ ಆದಾಯವೆಲ್ಲಿಂದ ಎಂಬುದನ್ನು ಅವರು ಮೊದಲೇ ಗೊತ್ತುಮಾಡುತ್ತಿದ್ದರು. ನೆರೆಯ ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯ 1369ರ ಶಾಸನವು ಇನ್ನೂ ಮುಂದೆ ಹೋಗಿ, ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಎಣಿಸುತ್ತದೆ. ದಿನಕ್ಕೆ ಸಾವಿರ ಆಳುಗಳು ಎರಡು ವರ್ಷ ದುಡಿದರೆಂದು ಲೆಕ್ಕ ಕೊಡುತ್ತದೆ.

ಇಂದಿನ ಪ್ರಸ್ತಾವನೆಯಲ್ಲಿ ದಾನಿಗಳು ಕೇಳುವ ಪ್ರಶ್ನೆಗಳಲ್ಲಿ ಈ ಕಲ್ಲುಗಳು ಉತ್ತರಿಸದೆ ಬಿಟ್ಟದ್ದು ಬಹಳ ಕಡಮೆ. ಶಾಸನವು ದಾನವಾದ ಮೇಲೆ ಬರೆದದ್ದು, ಪ್ರಸ್ತಾವನೆಯು ದಾನಕ್ಕೆ ಮುಂಚೆ ಬರೆಯುವುದು. ಮುಖ್ಯವಾದ ವ್ಯತ್ಯಾಸ ಇಷ್ಟೇ.

ಎರಡು ನಿದರ್ಶನಗಳು

ಮೊದಲನೆಯದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಜಮ್‌ಷೆಟ್‌ಜಿ ಟಾಟಾ ಅವರು ಉನ್ನತ ಸಂಶೋಧನೆಯ ಸಂಸ್ಥೆಯೊಂದಕ್ಕಾಗಿ ತಮ್ಮ ಆಸ್ತಿಯಲ್ಲಿ 30 ಲಕ್ಷ ರೂಪಾಯಿ ಬೆಲೆಯುಳ್ಳದ್ದನ್ನು ಕೊಡುವುದಾಗಿ ಹೇಳಿದರು. ಅವರ ಸಹಾಯಕರಾದ ಬರ್ಜೋರ್‌ಜಿ ಪಾದಶಾ ಅವರು ವಿದೇಶಗಳ ವಿದ್ಯಾಸಂಸ್ಥೆಗಳನ್ನು ನೋಡಿ ಬಂದು ಯೋಜನೆಯನ್ನು ಸಿದ್ಧಪಡಿಸಿದರು. 1898ರ ಡಿಸೆಂಬರ್ 31ರಂದು, ಹೊಸ ವೈಸರಾಯ್ ಲಾರ್ಡ್ ಕರ್ಜನ್ ಭಾರತಕ್ಕೆ ಬಂದಿಳಿದ ಮರುದಿನವೇ, ನಿಯೋಗವೊಂದು ಅದನ್ನು ಅವರ ಮುಂದಿಟ್ಟಿತು. ಕರ್ಜನ್ ಅವರಿಗೆ ಎರಡು ಸಂದೇಹಗಳು ಬಂದವು: ಇಷ್ಟು ಉನ್ನತ ವ್ಯಾಸಂಗಕ್ಕೆ ಸಾಕಷ್ಟು ವಿದ್ಯಾರ್ಥಿಗಳು ದೊರೆಯುವರೇ? ಕಲಿತವರಿಗೆ ಉದ್ಯೋಗ ದೊರೆಯುವುದೇ?

ಈ ಪ್ರಶ್ನೆಗಳು ಇಂದಿಗೂ ಹಳೆಯದಾಗಿಲ್ಲ. ‘ಇದನ್ನು ಬಳಸುವವರು ಯಾರು, ಬಳಸಿದ ಮೇಲೆ ಆಗುವುದೇನು’ ಎಂದೇ ಪ್ರತಿಯೊಬ್ಬ ದಾನಿಯೂ ಕೇಳುತ್ತಾನೆ. ಸರ್ಕಾರದ ಒಪ್ಪಿಗೆ ಸುಲಭವಾಗಿ ಸಿಕ್ಕಲಿಲ್ಲ. 1900ರಲ್ಲಿ ವಿಜ್ಞಾನಿ ವಿಲಿಯಂ ರ್‍ಯಾಮ್ಸೆ ಅವರು ದೇಶವನ್ನು ಸುತ್ತಿ ನೋಡಿ ಬೆಂಗಳೂರನ್ನು ಸೂಕ್ತ ಸ್ಥಳವೆಂದು ಸೂಚಿಸಿದರು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನೂ ಕಟ್ಟಡಗಳಿಗಾಗಿ 5 ಲಕ್ಷ ರೂಪಾಯಿಗಳನ್ನೂ ವರ್ಷಕ್ಕೆ 50,000 ರೂಪಾಯಿಗಳನ್ನೂ ನೀಡಿ ಯೋಜನೆಗೆ ನೆಲೆ ಕೊಟ್ಟಿತು. ಟಾಟಾ ಅವರು 1904ರಲ್ಲಿ ತೀರಿಕೊಂಡರು. ಸಂಸ್ಥೆಯ ಸ್ಥಾಪನೆಗೆ ಆಜ್ಞೆ ಹೊರಟದ್ದು 1909ರ ಮೇ 27ರಂದು; ವಿದ್ಯಾರ್ಥಿಗಳು ಸೇರಿದ್ದು 1911ರಲ್ಲಿ. ಕೇಳುವವರೇ ಮೊದಲು ತಮ್ಮ ಕೈಯಿಂದ ಕೊಟ್ಟರು. ಸಂದೇಹ ಬಂದಾಗ ಸಿಟ್ಟಾಗದೆ ಪರಿಶೀಲನೆಗೆ ಒಳಪಟ್ಟರು. ಹತ್ತು ವರ್ಷ ಬಿಡದೆ ಹಿಡಿದರು. ಈ ಮೂರು ಗುಣಗಳನ್ನು ನಾವು ಇಲ್ಲಿ ಗಮನಿಸತಕ್ಕದ್ದು.

ಅದು ಕೋಟ್ಯಧೀಶರ ಮಾತು, ಹಳ್ಳಿಯ ಸಂಘಕ್ಕೆ ಅದೆಲ್ಲಿ ಎನ್ನುವವರಿಗೆ ಎರಡನೆಯ ನಿದರ್ಶನ ನಮ್ಮ ಪಕ್ಕದಲ್ಲಿಯೇ ಇದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ‘ನೀನಾಸಮ್’, ಹುಟ್ಟಿತು. ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಅದು ನಾಟಕಗಳನ್ನಾಡಿತು, 1973ರಲ್ಲಿ ಚಿತ್ರಸಮಾಜವನ್ನೂ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ ಆರಂಭಿಸಿತು. ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ‘ಜನಸ್ಪಂದನ’ ಎಂಬ ಯೋಜನೆಯನ್ನು ಕೈಗೊಂಡು ಕರ್ನಾಟಕದ ಹಳ್ಳಿ ಪಟ್ಟಣಗಳಲ್ಲಿ ನಾಟಕ, ಚಲನಚಿತ್ರಗಳ ಶಿಬಿರಗಳನ್ನು ನಡೆಸಿದ್ದು 1983ರಿಂದ 1985ರವರೆಗೆ. ಅಂದರೆ ದೊಡ್ಡ ನೆರವು ಬರುವ ವೇಳೆಗೆ ಸಂಘಕ್ಕೆ ಮೂವತ್ತು ವರ್ಷಗಳಿಗೂ ಮೀರಿದ ಕೆಲಸವಿತ್ತು. ಯೋಜನೆ ಮುಗಿದ ಮೇಲೂ ಕೆಲಸ ನಿಲ್ಲಲಿಲ್ಲ. 1985ರಲ್ಲಿಯೇ ‘ತಿರುಗಾಟ’ವೆಂಬ ಸಂಚಾರಿ ನಾಟಕ ತಂಡವು ಹೊರಟು ಊರೂರಿನ ಸಂಘಟಕರ ಆಶ್ರಯದಲ್ಲಿ ಪ್ರದರ್ಶನ ನೀಡುತ್ತ ಬಂದಿತು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಹಳ್ಳಿಯಾದ ಮಾತ್ರಕ್ಕೆ ಯಾರೂ ಕೊಡರು ಎಂಬ ಮಾತನ್ನು ಹೆಗ್ಗೋಡು ಸುಳ್ಳುಮಾಡಿದೆ.

ಇಂದು ನೆರವಿನ ಮೂಲಗಳು

ನೆರವು ಕೇಳುವುದಕ್ಕೆ ಮೊದಲು ಕೇಳುವವರಿಗೆ ಕಾನೂನಿನ ಅಸ್ತಿತ್ವ ಇರಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ, 1960ರ ಪ್ರಕಾರ ಏಳು ಮಂದಿ ಸೇರಿ ಸಂಘವನ್ನು ನೋಂದಾಯಿಸಬಹುದು. ಸಂಘದ ಹೆಸರಿನಲ್ಲಿ ಬ್ಯಾಂಕಿನ ಖಾತೆ, ಸಭೆಗಳ ನಡವಳಿ ಪುಸ್ತಕ, ವರ್ಷ ವರ್ಷದ ಲೆಕ್ಕಪರಿಶೋಧನೆ ಇವು ಮೊದಲ ಅವಶ್ಯಕತೆಗಳು. ಜನರ ಬಾಯಲ್ಲಿ 12ಎ, 80ಜಿ ಎಂದು ಹೆಸರಾದ ಆದಾಯ ತೆರಿಗೆಯ ಮನ್ನಣೆಗಳಿದ್ದರೆ ದಾನಿಗಳಿಗೆ ನಂಬಿಕೆಯೂ ಅನುಕೂಲವೂ ಹೆಚ್ಚು. ಹೊರದೇಶದ ಹಣಕ್ಕೆ 2010ರ ವಿದೇಶಿ ವಂತಿಗೆ ಕಾಯಿದೆಯ ಪ್ರತ್ಯೇಕ ಅನುಮತಿ ಬೇಕು. ಹೊಸ ಸಂಘಗಳು ಆ ದಾರಿಯನ್ನು ಸದ್ಯಕ್ಕೆ ಬಿಡುವುದು ಲೇಸು.

ಮೂಲಗಳು ಮೂರು ಬಗೆ: ಸರ್ಕಾರ, ಖಾಸಗಿ ಪ್ರತಿಷ್ಠಾನಗಳು, ಕಂಪನಿಗಳು. ಸರ್ಕಾರದಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಸಂಘಸಂಸ್ಥೆಗಳಿಗೆ ಧನಸಹಾಯ ನೀಡುತ್ತದೆ. 1972ರಲ್ಲಿ ಸ್ಥಾಪಿತವಾದ ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನವು ಗ್ರಂಥಾಲಯಗಳಿಗೆ ನೆರವಾಗುತ್ತದೆ.

ಕಂಪನಿಗಳ ವಿಷಯವನ್ನು ತುಸು ವಿವರಿಸಬೇಕು. 2013ರ ಕಂಪನಿ ಕಾಯಿದೆಯ 135ನೆಯ ಪ್ರಕರಣವು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದು ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ನೂರಕ್ಕೆ 2 ಪಾಲನ್ನು ಸಮಾಜಕಾರ್ಯಕ್ಕೆ ವ್ಯಯಮಾಡಬೇಕೆಂದು ವಿಧಿಸಿತು. ಅದೇ ಪ್ರಕರಣದಲ್ಲಿ ಕಂಪನಿಯು ತಾನಿರುವ ಪ್ರದೇಶಕ್ಕೂ ಅದರ ಸುತ್ತಲಿಗೂ ಪ್ರಾಶಸ್ತ್ಯ ಕೊಡಬೇಕೆಂಬ ಮಾತೂ ಇದೆ. ಇದು ನೋಡಲು ನ್ಯಾಯವಾಗಿಯೇ ಇದೆ. ಆದರೆ ಭತ್ತ, ಅಡಕೆ, ಮೆಕ್ಕೆಜೋಳ ಬೆಳೆಯುವ ನಮ್ಮ ಹೋಬಳಿಯಂತಹ ಕಡೆ ದೊಡ್ಡ ಕಾರ್ಖಾನೆಗಳ ನೆರೆ ನಮಗೆಲ್ಲಿ? ಆದುದರಿಂದ ಕೈಗಾರಿಕೆಯ ಊರಿನವರು ಒಂದು ಪುಟದಲ್ಲಿ ಪಡೆಯುವುದನ್ನು ನಾವು ಹೆಚ್ಚು ಸ್ಪಷ್ಟವಾದ ಬರವಣಿಗೆಯಿಂದ ಪಡೆಯಬೇಕಾಗಿದೆ. ಅಲ್ಲದೆ ಕಂಪನಿಯ ಹಣದಿಂದ ಕೆಲಸ ಮಾಡುವ ಹೊರಗಿನ ಸಂಸ್ಥೆಗೆ ಮೂರು ವರ್ಷಗಳ ಅನುಭವವಿರಬೇಕೆಂಬ ನಿಯಮವಿದೆ. ಹೊಸ ಸಂಘದವರು ಹಳೆಯ ಸಂಸ್ಥೆಯೊಂದರೊಡನೆ ಸೇರಿ ಕೆಲಸ ಮಾಡಿ ಅನುಭವ ಗಳಿಸುವುದೇ ದಾರಿ.

ಪ್ರಸ್ತಾವನೆಯ ಅಂಗಗಳು

ಈಗ ಬರೆಯುವ ಕ್ರಮವನ್ನು ನೋಡೋಣ. ವಿಷಯ ಸ್ಪಷ್ಟವಾಗಲೆಂದು ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳುತ್ತೇನೆ. ಮುನ್ನೂರು ಮನೆಗಳ ಒಂದು ಊರು. ಅಲ್ಲಿನ ಯುವಕ ಸಂಘದವರು ಪ್ರೌಢಶಾಲೆಯ ಮಕ್ಕಳಿಗಾಗಿ ಸಂಜೆಯ ಓದುಮನೆಯೊಂದನ್ನು ತೆರೆಯಬೇಕೆಂದಿದ್ದಾರೆ ಎಂದಿಟ್ಟುಕೊಳ್ಳಿ.

(1) ಅವಶ್ಯಕತೆ. “ನಮ್ಮ ಗ್ರಾಮವು ಅತ್ಯಂತ ಹಿಂದುಳಿದಿದ್ದು, ಇಲ್ಲಿನ ಬಡ ಮಕ್ಕಳು ವಿದ್ಯೆಯಿಲ್ಲದೆ ಕತ್ತಲಲ್ಲಿ ಮುಳುಗಿರುತ್ತಾರೆ” ಎಂದು ಆರಂಭಿಸುವುದು ಸಾಮಾನ್ಯ. ಇದೇ ವಾಕ್ಯವನ್ನು ಯಾವ ಊರಿನ ಹೆಸರಿನಲ್ಲಿಯಾದರೂ ಬರೆಯಬಹುದು. ಆದುದರಿಂದಲೇ ಇದು ಯಾವ ಊರನ್ನೂ ತೋರಿಸುವುದಿಲ್ಲ. ಇದಕ್ಕೆ ಬದಲಾಗಿ, “ಎಂಟರಿಂದ ಹತ್ತನೆಯ ತರಗತಿಯವರೆಗೆ ಓದುವ ಮಕ್ಕಳು 46, ಮನೆ ಮನೆಗೆ ಹೋಗಿ ವಿಚಾರಿಸಿದಾಗ 29 ಮಂದಿಗೆ ಸಂಜೆ ಕುಳಿತು ಓದಲು ಮನೆಯಲ್ಲಿ ಪ್ರತ್ಯೇಕ ಸ್ಥಳವಿಲ್ಲವೆಂದು ತಿಳಿಯಿತು” ಎಂದರೆ ಓದುವವನ ಕಣ್ಣಮುಂದೆ ಆ ಮಕ್ಕಳು ನಿಲ್ಲುತ್ತಾರೆ. ಅಂಕಿಗಳು ನಾವೇ ಎಣಿಸಿದವಾಗಿರಬೇಕು. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ನಮ್ಮಂತಹ ವಿದ್ಯಾರ್ಥಿಗಳು ಇಂತಹ ಮನೆಗಣತಿಯನ್ನು ಮಾಡಿಕೊಟ್ಟರೆ ಅದೊಂದು ದೊಡ್ಡ ಸೇವೆಯಾದೀತು.

ಇಲ್ಲಿಯೇ ಇನ್ನೊಂದು ಮಾತು. ನಮ್ಮ ತಂದೆತಾಯಿಗಳ ಕಷ್ಟವನ್ನು ಕನಿಕರ ಹುಟ್ಟುವಂತೆ ಬಣ್ಣಿಸುವುದು ಸುಲಭ. ಆದರೆ ಆ ಪ್ರಸ್ತಾವನೆಯನ್ನು ಅವರ ಮುಂದೆಯೇ ಗಟ್ಟಿಯಾಗಿ ಓದಬೇಕಾದರೆ ನಮಗೆ ನಾಚಿಕೆಯಾಗಬಾರದು. ಊರಿನ ಮುಂದೆ ಓದಲಾಗದ ವಾಕ್ಯವನ್ನು ದಾನಿಗೂ ಬರೆಯಬಾರದೆಂದು ನನ್ನ ನಂಬಿಕೆ. ಊರಿನಲ್ಲಿ ಇಲ್ಲದ್ದನ್ನು ಹೇಳುವಾಗ ಇರುವುದನ್ನೂ ಹೇಳಬೇಕು.

(2) ಈಗಾಗಲೇ ಇರುವ ವ್ಯವಸ್ಥೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ, ಇದ್ದರೆ ಅದು ಎಷ್ಟು ದೂರ, ಯಾವ ಹೊತ್ತಿನಲ್ಲಿ ತೆರೆದಿರುತ್ತದೆ, ಅದರಿಂದ ಈ ಮಕ್ಕಳ ಅವಶ್ಯಕತೆ ಏಕೆ ಪೂರ್ತಿಯಾಗುವುದಿಲ್ಲ ಎಂಬುದನ್ನು ಮುಚ್ಚಿಡದೆ ತಿಳಿಸಬೇಕು. ದಾನಿ ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾನೆ. ಒಂದುವೇಳೆ ಆ ಕೇಂದ್ರವನ್ನೇ ಸಂಜೆ ಎರಡು ಗಂಟೆ ಹೆಚ್ಚು ತೆರೆಯುವಂತೆ ಮಾಡಿದರೆ ಸಾಕೆಂದು ತೋರಿದರೆ, ಬರೆಯಬೇಕಾದ ಪತ್ರ ಪಂಚಾಯಿತಿಗೆ ಹೊರತು ದಾನಿಗಲ್ಲ.

(3) ಉದ್ದೇಶ ಮತ್ತು ಕಾರ್ಯಕ್ರಮ. ‘ಗ್ರಾಮದ ಸರ್ವಾಂಗೀಣ ಅಭಿವೃದ್ಧಿ’ ಎಂಬುದು ಉದ್ದೇಶವಲ್ಲ, ಹಾರೈಕೆ. ‘ವಾರಕ್ಕೆ ಆರು ದಿನ, ಸಂಜೆ ಆರರಿಂದ ಎಂಟೂವರೆಯವರೆಗೆ, 40 ಮಕ್ಕಳು ಕುಳಿತು ಓದಲು ಬೆಳಕು, ಬೆಂಚು, ಪುಸ್ತಕ ಒದಗಿಸುವುದು’ ಎಂಬುದು ಉದ್ದೇಶ. ಯಾವ ತಿಂಗಳಿನಲ್ಲಿ ಯಾವ ಕೆಲಸ, ಅದಕ್ಕೆ ಹೊಣೆ ಯಾರು ಎಂಬುದು ಕಾರ್ಯಕ್ರಮ.

(4) ಅಂದಾಜು ಪಟ್ಟಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಇಲ್ಲಿ ಪ್ರಮಾಣ. ನಮ್ಮ ಉದಾಹರಣೆಯಲ್ಲಿ ಪುಸ್ತಕಗಳಿಗೆ 40,000, ಮೇಜು ಬೆಂಚುಗಳಿಗೆ 30,000, ಎರಡು ಕಪಾಟುಗಳಿಗೆ 18,000, ದೀಪ ಮತ್ತು ಫ್ಯಾನುಗಳಿಗೆ 12,000, ನೋಡಿಕೊಳ್ಳುವವರಿಗೆ ತಿಂಗಳಿಗೆ 2,000ದಂತೆ ವರ್ಷಕ್ಕೆ 24,000, ರಿಜಿಸ್ಟರು ಮುಂತಾದ ಚಿಲ್ಲರೆ ವೆಚ್ಚ 6,000. ಒಟ್ಟು 1,30,000 ರೂಪಾಯಿ. ಇದರಲ್ಲಿ ಊರವರು ಕೂಡಿಸುವ ಹಣ 20,000. ಕೋರುವ ನೆರವು 1,10,000. ಕೊಠಡಿಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟವರಿದ್ದರೆ, ಸುಣ್ಣ ಬಳಿಯಲು ಯುವಕರು ಶ್ರಮದಾನ ಮಾಡುವುದಾದರೆ ಅದನ್ನೂ ಬರೆಯಬೇಕು. ಪ್ರತಿಯೊಂದು ಬೆಲೆಗೂ ಅಂಗಡಿಯ ದರಪಟ್ಟಿ ಇರಲಿ. ಹೇಗೂ ಅರ್ಧಕ್ಕೆ ಇಳಿಸುವರೆಂದು ಎರಡು ಪಟ್ಟು ಬರೆಯುವ ಜಾಣತನವು ಅನುಭವವುಳ್ಳ ಓದುಗನ ಮುಂದೆ ನಡೆಯದು. ಒಂದು ಸಂಖ್ಯೆಯಲ್ಲಿ ಸಂದೇಹ ಹುಟ್ಟಿದರೆ ಉಳಿದೆಲ್ಲ ಸಂಖ್ಯೆಗಳೂ ಸಂದೇಹಕ್ಕೆ ಗುರಿಯಾಗುತ್ತವೆ.

(5) ಫಲವನ್ನು ಅಳೆಯುವ ಬಗೆ. ‘ಎಸ್. ಎಸ್. ಎಲ್. ಸಿ. ಫಲಿತಾಂಶ ನೂರಕ್ಕೆ ನೂರಾಗುವುದು’ ಎಂದು ಮಾತು ಕೊಡಬಾರದು. ಅದು ನಮ್ಮೊಬ್ಬರ ಕೈಯಲ್ಲಿಲ್ಲ. ದಿನದ ಹಾಜರಿ, ಎರವಲು ಹೋದ ಪುಸ್ತಕಗಳ ಸಂಖ್ಯೆ, ಹುಡುಗಿಯರು ಎಷ್ಟು ಮಂದಿ ಬಂದರು ಎಂಬಿವು ನಾವು ನಿಜವಾಗಿ ಎಣಿಸಬಲ್ಲವು. ಹುಡುಗಿಯರ ಸಂಖ್ಯೆ ಕಡಮೆಯಾದರೆ ಹೊತ್ತನ್ನು ಬದಲಿಸಬೇಕೋ, ದಾರಿಗೆ ದೀಪ ಬೇಕೋ ಎಂದು ಆಗ ಯೋಚಿಸಬಹುದು.

(6) ಮುಂದಿನ ಪಾಲನೆ. ಇದೇ ಮುಖ್ಯವಾದ ಅಂಗ. ಬಹುಮಂದಿ ಒಂದು ಸಾಲಿನಲ್ಲಿ ಮುಗಿಸುವುದೂ ಇದನ್ನೇ. ವರ್ಷವೊಂದಾದ ಮೇಲೆ ದಾನಿಯ ಹಣ ಮುಗಿಯುತ್ತದೆ. ಬೆಂಚು, ಕಪಾಟುಗಳು ಉಳಿಯುತ್ತವೆ. ನೋಡಿಕೊಳ್ಳುವವರ 24,000 ರೂಪಾಯಿ ಎಲ್ಲಿಂದ ಬರಬೇಕು? ಮುನ್ನೂರು ಮನೆಯವರು ವರ್ಷಕ್ಕೆ ಮನೆಯೊಂದಕ್ಕೆ 80 ರೂಪಾಯಿ ಕೊಟ್ಟರೆ ಅದು ಸರಿಯಾಗಿ 24,000 ಆಗುತ್ತದೆ. ಸುಗ್ಗಿಯ ಕಾಲದಲ್ಲಿ ಎತ್ತುವುದೆಂದು ಊರಿನ ಸಭೆಯಲ್ಲಿ ಠರಾವು ಮಾಡಿ, ಅದರ ನಕಲನ್ನು ಪ್ರಸ್ತಾವನೆಯ ಜೊತೆಗೆ ಇಟ್ಟರೆ ಅದೇ ನಮ್ಮ ಕಾಲದ ಬಿತ್ತುವಟ್ಟ. ಊರವರು 80 ರೂಪಾಯಿ ಕೊಡಲು ಒಪ್ಪದಿದ್ದರೆ, ಆ ಓದುಮನೆ ಅವರಿಗೆ ನಿಜವಾಗಿ ಬೇಕೇ ಎಂದು ಬರೆಯುವವನು ಮತ್ತೊಮ್ಮೆ ಅವರನ್ನೇ ಕೇಳಬೇಕು.

ಭಾಷೆಯ ವಿಚಾರ

ಅನೇಕ ದಾನಿಗಳು ಇಂಗ್ಲಿಷಿನಲ್ಲಿಯೇ ಪ್ರಸ್ತಾವನೆಯನ್ನು ಕೇಳುತ್ತಾರೆ. ಇದರಿಂದ ನಮ್ಮ ಕಡೆಯವರು ಧೈರ್ಯಗೆಡುವುದುಂಟು. ಮೊದಲು ಕನ್ನಡದಲ್ಲಿ ಪೂರ್ತಿಯಾಗಿ ಬರೆದು, ಸಂಘದವರ ಮುಂದೆ ಓದಿ, ತಿದ್ದಿ, ಅನಂತರ ಇಂಗ್ಲಿಷಿಗೆ ತರುವುದು ಉತ್ತಮ ಮಾರ್ಗ. ವಿಷಯ ಸ್ಪಷ್ಟವಾಗಿದ್ದರೆ ಸರಳವಾದ ಇಂಗ್ಲಿಷೇ ಸಾಕು; ಇಂಗ್ಲಿಷ್ ಅಧ್ಯಾಪಕರ ನೆರವನ್ನೂ ಪಡೆಯಬಹುದು. ಅರ್ಥವಾಗದ ದೊಡ್ಡ ಪದಗಳನ್ನು ಬೇರೆಯವರ ಪತ್ರದಿಂದ ಎತ್ತಿಹಾಕಿದರೆ, ಪರಿಶೀಲನೆಗೆ ಬಂದವರು ಅವುಗಳ ಅರ್ಥ ಕೇಳಿದಾಗ ಸಂಘದ ಅಧ್ಯಕ್ಷರು ಮುಖ ಮುಖ ನೋಡಬೇಕಾಗುತ್ತದೆ.

ಹಣ ಬಂದ ಮೇಲೆ

ನೆರವು ಮಂಜೂರಾದೊಡನೆ ಬರವಣಿಗೆಯ ಕೆಲಸ ಮುಗಿಯಿತೆಂದು ತಿಳಿಯಬಾರದು. ರಸೀದಿ, ವೋಚರುಗಳನ್ನು ಕ್ರಮವಾಗಿಟ್ಟು, ಅವಧಿಯೊಳಗೆ ವರದಿಯನ್ನೂ ಹಣ ಬಳಕೆಯ ಪ್ರಮಾಣಪತ್ರವನ್ನೂ ಕಳುಹಿಸಬೇಕು. ಯೋಜಿಸಿದಂತೆ ನಡೆಯದಿದ್ದುದನ್ನೂ ವರದಿಯಲ್ಲಿ ಹೇಳಬೇಕು. ಅದೇ ಲೆಕ್ಕದ ಒಂದು ಪ್ರತಿಯನ್ನು ಓದುಮನೆಯ ಗೋಡೆಗೆ ಅಂಟಿಸುವುದು ಅಷ್ಟೇ ಮುಖ್ಯ. ದಾನಿಯ ಕಡತದಲ್ಲಿ ಮಾತ್ರ ಇರುವ ಲೆಕ್ಕದಿಂದ ಊರಿನಲ್ಲಿ ಗುಸುಗುಸು ನಿಲ್ಲುವುದಿಲ್ಲ. ನಮ್ಮ ಪೂರ್ವಿಕರು ದಾನದ ವಿವರವನ್ನು ಊರ ನಡುವೆ ಕಲ್ಲಿನಲ್ಲಿ ನಿಲ್ಲಿಸಿದ್ದರ ಹಿಂದೆ ಈ ವಿವೇಕವೂ ಇದ್ದಿರಬೇಕು.

ಎಲ್ಲ ಪ್ರಸ್ತಾವನೆಗಳೂ ಫಲಿಸುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಒಪ್ಪಿಗೆಯಾಗದಿದ್ದಾಗ ಕಾರಣವನ್ನು ವಿನಯದಿಂದ ಕೇಳಿ, ತಿದ್ದಿ, ಇನ್ನೊಬ್ಬ ದಾನಿಗೆ ಕಳುಹಿಸಬೇಕು. ಟಾಟಾ ಅವರ ಯೋಜನೆಯೇ ಹತ್ತು ವರ್ಷ ಕಾಯಿತೆಂಬುದು ನಮಗೆ ಸಮಾಧಾನ ಕೊಡಬೇಕು. ಅಷ್ಟರಲ್ಲಿ ಊರಿನ 20,000 ರೂಪಾಯಿಗಳಿಂದ ಒಂದು ದೀಪ, ನಾಲ್ಕು ಬೆಂಚುಗಳೊಡನೆ ಓದುಮನೆಯನ್ನು ತೆರೆದೇಬಿಟ್ಟರೆ, ಮುಂದಿನ ಪ್ರಸ್ತಾವನೆಯಲ್ಲಿ ಬರೆಯಲು ನಿಜವಾದ ಹಾಜರಿ ಪುಸ್ತಕವೇ ಇರುತ್ತದೆ.

ಉಪಸಂಹಾರ

ಒಟ್ಟಿನಲ್ಲಿ, ಅನುದಾನ ಕೋರುವ ಬರವಣಿಗೆಯು ಭಿಕ್ಷೆಯ ಪತ್ರವಲ್ಲ. ಊರೊಂದು ತನ್ನ ಅವಶ್ಯಕತೆಯನ್ನು ತಾನೇ ಅಳೆದು, ತನ್ನ ಪಾಲನ್ನು ತಾನು ಮೊದಲು ಇಟ್ಟು, ಉಳಿದದ್ದಕ್ಕೆ ಜೊತೆಗಾರರನ್ನು ಕರೆಯುವ ಪತ್ರ. ಅದರ ಬಲವು ಪದಗಳ ಆಡಂಬರದಲ್ಲಿಲ್ಲ. ಮನೆ ಮನೆಗೆ ನಡೆದು ತಂದ ಅಂಕಿಯಲ್ಲಿ, ಮುಂದಿನ ಪಾಲನೆಗೆ ಊರು ಕೊಟ್ಟ ಮಾತಿನಲ್ಲಿ ಇದೆ. ನಮ್ಮ ವಿದ್ಯಾರ್ಥಿ ಮಿತ್ರರು ಈ ಸಲದ ರಜೆಯಲ್ಲಿ ತಮ್ಮ ತಮ್ಮ ಊರಿನ ಒಂದೇ ಒಂದು ಅವಶ್ಯಕತೆಯನ್ನು ಆರಿಸಿಕೊಂಡು, ಮೇಲೆ ಹೇಳಿದ ಆರು ಅಂಗಗಳಲ್ಲಿ ಎರಡು ಪುಟ ಬರೆದು ತರಲಿ. ಅಧ್ಯಾಪಕ ವೃಂದದವರು ಅವುಗಳನ್ನು ತಿದ್ದಿಕೊಡುವ ಕೃಪೆ ಮಾಡಲಿ. ಓದಿಗಾಗಿ ನಮ್ಮನ್ನು ಕಳುಹಿಸಿದ ಮನೆಗಳಿಗೆ, ಬೆಳೆಸಿದ ಊರುಗಳಿಗೆ, ಈ ಎರಡು ಪುಟಗಳು ನಮ್ಮ ಮೊದಲ ಕಾಣಿಕೆಯಾಗಬಹುದು.